ಧೂಳುಪಾಟಿಯೂ ಎಳೆಯ ಕೈಗಳೂ

ಗೋದಾವರಿಯ ದಡದ ನಾಸಿಕವೂ, ಔರಂಗಾಬಾದೆಂದು ನಾವು ಬಹುಕಾಲ ಕರೆದ ಛತ್ರಪತಿ ಸಂಭಾಜಿನಗರವೂ ಕನ್ನಡಿಗರಿಗೆ ಪರಕೀಯವಾದ ಊರುಗಳಲ್ಲ. ಕವಿರಾಜಮಾರ್ಗವು ಕನ್ನಡನಾಡಿನ ಉತ್ತರದ ಎಲ್ಲೆಯನ್ನು ಗೋದಾವರಿಯಲ್ಲಿಯೇ ಗುರುತಿಸಿದೆ, ಮತ್ತು ನಾಸಿಕದ ಸಮೀಪದ ಸಿನ್ನರಿನಲ್ಲಿ ಮೊದಲು ನೆಲೆಸಿ ಅನಂತರ ದೇವಗಿರಿಯಿಂದ ಆಳಿದ ಸೇವುಣರು ಹೇರಳವಾಗಿ ಕನ್ನಡ ಶಾಸನಗಳನ್ನು ಬರೆಯಿಸಿದರು. ಆ ಸೇವುಣರ ಮಂತ್ರಿ ಹೇಮಾದ್ರಿಯ ಹೆಸರಿನೊಡನೆ ಜನಪರಂಪರೆಯು ಮೋಡಿಲಿಪಿಯನ್ನು ಜೋಡಿಸಿದೆ. ತಲೆಗೆರೆಯನ್ನು ಸಾಲಿನುದ್ದಕ್ಕೂ ಮೊದಲೇ ಎಳೆದು, ಲೇಖನಿಯನ್ನು ಆದಷ್ಟು ಮೇಲೆತ್ತದೆ ಅಕ್ಷರಗಳನ್ನು ಹೆಣೆಯುತ್ತ ಸಾಗುವ ಆ ತ್ವರಿತಲಿಪಿಯು ಎಳೆಯ ಬೆರಳುಗಳಿಗೆ ಎಷ್ಟು ದುಸ್ಸಾಧ್ಯವಾಗಿದ್ದಿರಬೇಕು!

ಆದರೆ ಪಂತೋಜಿಯ ಶಾಲೆಯಲ್ಲಿ ಮಗುವು ಮೊದಲ ದಿನವೇ ಲೇಖನಿಯನ್ನು ಹಿಡಿಯುತ್ತಿರಲಿಲ್ಲ. ಧೂಳುಪಾಟಿಯೆಂಬ ಮರದ ಹಲಗೆಯ ಮೇಲೆ ನುಣ್ಣನೆಯ ಧೂಳನ್ನು ಹರಡಿ, ಬೆರಳಿನಿಂದಲೋ ಕಡ್ಡಿಯಿಂದಲೋ ದೊಡ್ಡ ದೊಡ್ಡ ಅಕ್ಷರಗಳನ್ನು ಬರೆದು, ಅಳಿಸಿ, ಮತ್ತೆ ಬರೆದು, ಅಕ್ಷರದ ತಿರುವು ಕಣ್ಣಿಗಿಂತ ಮೊದಲು ಕೈಗೆ ಪರಿಚಿತವಾದ ಮೇಲೆಯೇ ಬೋರುವೆಂಬ ಜೊಂಡಿನ ಲೇಖನಿಯೂ, ನೋಡಿ ತಿದ್ದುವ ಕಿತ್ತೆಯೂ ಬರುತ್ತಿದ್ದವು. ನಮ್ಮ ಕೂಲಿಮಠಗಳಲ್ಲಿ ಮರಳಿನ ಮೇಲೆ ತಿದ್ದಿಸುತ್ತಿದ್ದುದೂ ಇದೇ ಕ್ರಮ.

ಬರವಣಿಗೆಯ ವಿಷಯವನ್ನು ಅತ್ಯಂತ ಆಸ್ಥೆಯಿಂದ ಚಿಂತಿಸಿದವರು ಸಮರ್ಥ ರಾಮದಾಸರು. 1608ರಲ್ಲಿ ಮರಾಠವಾಡದ ಜಾಂಬ ಗ್ರಾಮದಲ್ಲಿ ಜನಿಸಿ, ತಾರುಣ್ಯದಲ್ಲಿ ನಾಸಿಕದ ಬಳಿಯ ಟಾಕಳಿಯಲ್ಲಿ ತಪಸ್ಸನ್ನಾಚರಿಸಿದ ಆ ಸಂತರು, ಅಧ್ಯಾತ್ಮಗ್ರಂಥವಾದ ದಾಸಬೋಧದ ಹತ್ತೊಂಬತ್ತನೆಯ ದಶಕವನ್ನು ಲೇಖನಕ್ರಿಯೆಯಿಂದಲೇ ಆರಂಭಿಸಿದರು. ಅಕ್ಷರಗಳ ದುಂಡುತನ, ಸಾಲುಗಳ ನಡುವಣ ಅಂತರ, ಸುತ್ತಲೂ ಬಿಡಬೇಕಾದ ಅಂಚು, ಮೊದಲಿನಿಂದ ಕೊನೆಯವರೆಗೆ ಒಂದೇ ಹದ, ಇವೆಲ್ಲವನ್ನೂ ವಿಧಿಸಿ, ತಾರುಣ್ಯದಲ್ಲಿ ಅತಿ ಸಣ್ಣದಾಗಿ ಬರೆದುದು ಮುಪ್ಪಿನಲ್ಲಿ ಕೆಲಸಕ್ಕೆ ಬಾರದೆಂದು ಎಚ್ಚರಿಸಿದರು. ಮೋಕ್ಷವನ್ನು ಬೋಧಿಸುವವರು ಮಸಿಯ ಕಪ್ಪನ್ನೂ ಮರೆಯದಿದ್ದುದು ನನಗೆ ಪೂಜ್ಯವೆನಿಸುತ್ತದೆ.

ಹಳೆಯ ಶಾಲೆಗಿದ್ದ ಕೊರತೆ ಸಾಧನದ್ದಲ್ಲ, ಕರುಣೆಯದು. ಕೈ ನಡುಗುವ, ಬೆರಳಲ್ಲಿ ಬಲವಿಲ್ಲದ ಕೂಸನ್ನು ಸೋಮಾರಿಯೆಂದು ಬಗೆದು ಛಡಿಯಿಂದ ತಿದ್ದಹೊರಟ ಆ ಪದ್ಧತಿಯು, ಬರವಣಿಗೆಯ ತೊಡಕು ದೇಹಕ್ಕೆ ಸಂಬಂಧಿಸಿದುದೂ ಆಗಿರಬಹುದೆಂಬುದನ್ನು ಅರಿಯಲಿಲ್ಲ. ಆ ಅರಿವನ್ನು ತಂದ ಶಾಸ್ತ್ರಗಳಲ್ಲಿ ಆಕ್ಯುಪೇಷನಲ್ ಥೆರಪಿಯೂ ಒಂದು. ಅದನ್ನು ಕಲಿಸುವ ಭಾರತದ ಮೊದಲ ಶಾಲೆಯನ್ನು ಕಮಲಾ ನಿಂಬಕರರು 1950ರಲ್ಲಿ ಮುಂಬಯಿಯ ಕೆಇಎಂ ಆಸ್ಪತ್ರೆಯಲ್ಲಿ ಸ್ಥಾಪಿಸಿದರು. ಈ ಶಾಸ್ತ್ರದ ಚಿಕಿತ್ಸಕರು ಮೊದಲು ಮಗುವಿನ ಭುಜವನ್ನೂ ಬೆನ್ನನ್ನೂ ಕೂತ ಭಂಗಿಯನ್ನೂ ಪರೀಕ್ಷಿಸಿ, ಪಾದಗಳು ನೆಲಕ್ಕೆ ತಾಗುವಂತೆ ಕೂರಿಸಿ, ಕಣಕವನ್ನು ನಾದಿಸಿ ಬೆರಳಿಗೆ ಬಲ ತುಂಬುತ್ತಾರೆ. ಇಳಿಜಾರು ಹಲಗೆಯನ್ನೂ, ಹಿಡಿತ ಬೆರಳತುದಿಗೆ ಬರಲೆಂದು ಮೋಟು ಬಣ್ಣದ ಕಡ್ಡಿಯನ್ನೂ ಕೊಡುತ್ತಾರೆ. ತಟ್ಟೆಯ ಮರಳಿನಲ್ಲಿ ಬೆರಳಿಂದ ದೊಡ್ಡ ಅಕ್ಷರಗಳನ್ನು ತಿದ್ದಿಸುತ್ತಾರೆ. ಪೆನ್ಸಿಲಿನ ಮಾತು ಆಮೇಲಿನದು.