ಹೋದದ್ದು ಮರಳಲೇಬೇಕೆ?

ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆಯ ಹೆಬ್ಬಾತುಗಳು ಹಿಮಾಲಯವನ್ನು ದಾಟಿ ಬರುತ್ತವೆ. ಬೇಸಿಗೆ ತಲೆದೋರುತ್ತಲೇ ಬಂದ ದಿಕ್ಕಿಗೆ ಮರಳುತ್ತವೆ. ಋತು ಮರಳುತ್ತದೆ, ಗ್ರಹ ಮರಳುತ್ತದೆ. ಆದರೆ ಹರಿಯುವುದೆಲ್ಲ ಹೊರಟಲ್ಲಿಗೆ ಮರಳಲೇಬೇಕೆಂಬ ನಿಯಮವುಂಟೆ? ಗಣಿತಜ್ಞರು ಈ ಪ್ರಶ್ನೆಯ ಬೆನ್ನುಹತ್ತಿದ ಕಥೆ ಸಾಹಿತ್ಯಪ್ರಿಯರಿಗೂ ರುಚಿಸತಕ್ಕದ್ದು.

ಫ್ರಾನ್ಸಿನ ಆನ್ರಿ ಪ್ವಾಂಕರೆ ಅವರು 19ನೆಯ ಶತಮಾನದ ಕೊನೆಯಲ್ಲಿ ಗ್ರಹಗಳ ಚಲನೆಯನ್ನು ವಿಚಾರಿಸುತ್ತ, ತಿರುಗಿ ತನ್ನನ್ನೇ ಬಂದು ಕೂಡುವ ಸಂವೃತ ಪಥಗಳಿಗೆ ವಿಶೇಷ ಮಹತ್ವ ಕೊಟ್ಟರು. ಒಂದು ಮೈಯ ಪ್ರತಿ ಬಿಂದುವಿನಲ್ಲೂ ಮುಂದಿನ ಹೆಜ್ಜೆಯ ದಿಕ್ಕನ್ನು ತೋರುವ ಬಾಣವಿದೆಯೆಂದು ಭಾವಿಸೋಣ. ಅದೇ ಸದಿಶ ಕ್ಷೇತ್ರ. ಬಾಣಗಳನ್ನು ಅನುಸರಿಸಿ ನಡೆದ ಹಾದಿಯೇ ಪಥ. ಚೆಂಡಿನ ಮೇಲೆ ಇಂಥ ಬಾಣಗಳನ್ನು ಎಲ್ಲಿಯೂ ತೊಡಕಿಲ್ಲದೆ ಹೊಂದಿಸಲಾಗದು. ಎತ್ತಿನ ಸುಳಿ ನೋಡಿ ಬೆಲೆ ಕಟ್ಟುವ ನಮ್ಮ ರೈತನಿಗೆ ಇದನ್ನು ಹೇಳುವುದು ಸುಲಭ: ಕೂದಲು ಬೆಳೆದ ಚೆಂಡನ್ನು ಎಷ್ಟು ಬಾಚಿದರೂ ಎಲ್ಲಾದರೂ ಒಂದೆಡೆ ಸುಳಿ ಉಳಿದೇ ಉಳಿಯುತ್ತದೆ.

ಇನ್ನೊಂದು ಆಯಾಮ ಮೇಲೇರಿದರೆ ಮಾತು ಬೇರೆ. ನಾಲ್ಕು ಆಯಾಮಗಳ ಅವಕಾಶದಲ್ಲಿರುವ ಗೋಲವು ಕಣ್ಣಿಗೆ ನಿಲುಕದು. ಆದರೂ ಅದನ್ನು ಸುಳಿಯಿಲ್ಲದೆ ಬಾಚಬಹುದು. 1931ರಲ್ಲಿ ಹೈಂಟ್ಸ್ ಹಾಪ್ಫ್ ಅವರು ಆ ಗೋಲದ ಬಿಂದುಗಳನ್ನು ನಮ್ಮ ಪರಿಚಿತ ಗೋಲದ ಬಿಂದುಗಳಿಗೆ ಹೊಂದಿಸುವ ಚಿತ್ರಣವೊಂದನ್ನು ತೋರಿಸಿದರು. ಇಲ್ಲಿಯ ಒಂದೊಂದು ಬಿಂದುವಿಗೂ ಅಲ್ಲಿ ಒಂದೊಂದು ವೃತ್ತ. ಯಾವ ಎರಡು ವೃತ್ತಗಳೂ ಸರಪಳಿಯ ಕೊಂಡಿಗಳಂತೆ ಹೆಣೆದಿವೆ. ಆ ವೃತ್ತಗಳನ್ನು ಅನುಸರಿಸಿ ಹರಿದರೆ ಪ್ರತಿ ಪಥವೂ ಸಂವೃತ. 1950ರಲ್ಲಿ ಜರ್ಮನಿಯ ಹರ್ಬರ್ಟ್ ಸೈಫರ್ಟ್, ಇದಕ್ಕೆ ತೀರ ಸಮೀಪದ ಕ್ಷೇತ್ರಗಳಲ್ಲಿ ಒಂದಾದರೂ ಸಂವೃತ ಪಥವಿದ್ದೇ ಇರುತ್ತದೆಂದು ಸಾಧಿಸಿ, ಸುಳಿಯಿಲ್ಲದ ಎಲ್ಲ ಕ್ಷೇತ್ರಗಳಲ್ಲೂ ಹೀಗೆಯೋ ಎಂದು ಕೇಳಿದರು. ಅವರು ಕೇಳಿದ್ದು ಪ್ರಶ್ನೆ. ಲೋಕ ಅದನ್ನು ‘ಸೈಫರ್ಟ್ ಊಹೆ’ ಎಂದು ಕರೆಯಿತು.

1966ರಲ್ಲಿ ವಿಲ್ಸನ್ ಎಂಬವರು ಹರಿವಿನ ನಡುವೆ ಬಿರಡೆಯಂಥದೊಂದನ್ನು ಹುದುಗಿಸಿ ಸಂವೃತ ಪಥವನ್ನು ತುಂಡರಿಸುವ ಉಪಾಯ ಕಂಡರು. ಆದರೆ ಬಿರಡೆಯೊಳಗೇ ಎರಡು ಸಂವೃತ ಪಥಗಳು ಹುಟ್ಟಿಕೊಂಡವು. 1974ರಲ್ಲಿ ಪಾಲ್ ಶ್ವೈಟ್ಸರ್ ಎಂಬ ಜೆಸ್ವಿಟ್ ಪಾದ್ರಿ, ಅಂಥ ಪಥ ಒಂದೂ ಇಲ್ಲದ ಕ್ಷೇತ್ರವನ್ನು ಕಟ್ಟಿ ತೋರಿಸಿದರು. ಅದರ ಹರಿವು ಮಾತ್ರ ಸಾಕಷ್ಟು ನಯವಾಗಿರಲಿಲ್ಲ. ಪೋಲೆಂಡಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲಸಿದ ಕ್ರಿಸ್ಟಿನಾ ಕುಪರ್‌ಬರ್ಗ್ ವಿಲ್ಸನ್ನರ ಬಿರಡೆಯನ್ನೇ ಬಗ್ಗಿಸಿ ಅದರೊಳಕ್ಕೇ ತೂರಿಸಿದರು. ಬಿರಡೆಯ ಒಳಪಥಗಳನ್ನು ಆ ಬಿರಡೆಯೇ ಕತ್ತರಿಸಿತು. 1994ರಲ್ಲಿ ಅವರ ಪ್ರಬಂಧ ಪ್ರಕಟವಾಯಿತು. ಹರಿವು ಪೂರ್ಣ ನಯ, ಸುಳಿಯಿಲ್ಲ, ಮರಳುವ ಪಥವೂ ಇಲ್ಲ! 44 ವರ್ಷಗಳ ಪ್ರಶ್ನೆಗೆ ಉತ್ತರ ‘ಇಲ್ಲ’ ಎಂದಾಯಿತು.

ಬಾಣಗಳು ಒಂದು ವಿಶೇಷ ಜ್ಯಾಮಿತೀಯ ಕಟ್ಟಳೆಗೆ ಒಳಪಟ್ಟರೆ ಮೂರು ಆಯಾಮಗಳ ಇಂಥ ಲೋಕಗಳಲ್ಲಿ ಸಂವೃತ ಪಥ ಇದ್ದೇ ತೀರುತ್ತದೆಂದು 2007ರಲ್ಲಿ ಕ್ಲಿಫರ್ಡ್ ಟಾಬ್ಸ್ ಸಾಧಿಸಿದರು. ಎಂದರೆ ಮರಳುವಿಕೆ ಹರಿವಿನ ಹುಟ್ಟುಗುಣವಲ್ಲ, ಕಟ್ಟಳೆಯ ಫಲ. 2024ರಲ್ಲಿ ರಾಮ್‌ಸರ್ ಪಟ್ಟಿಗೆ ಸೇರಿದ ಮಾಗಡಿ ಕೆರೆಯ ವಿಷಯದಲ್ಲೂ ಈ ಮಾತು ನೆನಪಿರಲಿ. ಹಕ್ಕಿಗಳು ಹೇಗೂ ಬರುತ್ತವೆಂದು ನಾವು ಸುಮ್ಮನಿರುವಂತಿಲ್ಲ. ನೀರು, ಸುತ್ತಲಿನ ಹೊಲ, ಊರವರ ಅಕ್ಕರೆ ಉಳಿದಲ್ಲಿಗೇ ಅವು ಮರಳುತ್ತವೆ.