ಅಳಿದ ಶಾಸನ, ಉಳಿದ ಓಲೆ: ಚಾವುಂಡರಾಯನ ಸೇನಾಜೀವನದ ಆಧಾರಗಳು

ಚಾವುಂಡರಾಯನೆಂದೊಡನೆ ವಿಂಧ್ಯಗಿರಿಯ ಬಾಹುಬಲಿಮೂರ್ತಿಯು ನಮ್ಮ ಕಣ್ಣ ಮುಂದೆ ನಿಲ್ಲುತ್ತದೆ. ಇಮ್ಮಡಿ ಮಾರಸಿಂಹ ಮತ್ತು ನಾಲ್ವಡಿ ರಾಚಮಲ್ಲ ಎಂಬ ಇಬ್ಬರು ಗಂಗ ಅರಸರ ಬಳಿ ದಂಡನಾಯಕನಾಗಿ, ಮಂತ್ರಿಯಾಗಿ ಆತನು ಸಲ್ಲಿಸಿದ ದೀರ್ಘಸೇವೆಯಾದರೋ ಆ ಮಹಾಮೂರ್ತಿಯ ನೆರಳಿನಲ್ಲಿ ಮರೆಯಾಗಿದೆ. ಆ ಸೇವೆಗೆ ಇರುವ ಆಧಾರಗಳಾವುವು, ಅವು ಎಷ್ಟರಮಟ್ಟಿಗೆ ಪ್ರಮಾಣವೆಂಬುದು ವಿಚಾರಾರ್ಹವಾಗಿದೆ.

ಮೊದಲನೆಯದು ವಿಂಧ್ಯಗಿರಿಯ ಮೇಲಿನ ತ್ಯಾಗದ ಬ್ರಹ್ಮದೇವರ ಕಂಬದ ಶಾಸನ. ಸುಮಾರು 1200ರಲ್ಲಿ ಹೆಗ್ಗಡೆ ಕಣ್ಣನೆಂಬವನು ಯಕ್ಷನನ್ನು ಮಾಡಿಸಿದ ಸಂಗತಿಯನ್ನು ಎರಡೂವರೆ ಸಾಲುಗಳಲ್ಲಿ ಬರೆಯಿಸುವುದಕ್ಕಾಗಿ ಕಂಬದ ಮೂರು ಮುಖಗಳ ಹಳೆಯ ಬರಹವನ್ನು ಅಳಿಸಿದನೆಂದು ವಿದ್ವಾಂಸರು ನಿರ್ಣಯಿಸಿದ್ದಾರೆ. ಉಳಿದುದು ಒಂದು ಮುಖದ ನಾಲ್ಕು ಸಂಸ್ಕೃತ ಪದ್ಯಗಳು ಮಾತ್ರ. ಅವುಗಳಲ್ಲಿ ಆತನ ಬ್ರಹ್ಮಕ್ಷತ್ರಕುಲ, ಇಂದ್ರರಾಜನ ಆಜ್ಞೆಯಂತೆ ವಜ್ವಲದೇವನ ಮೇಲೆ ನಡೆಸಿದ ಯುದ್ಧ, ನೊಳಂಬರೊಡನೆ ಕಾದಿದುದು, ಗಂಗರಾಜ್ಯವನ್ನು ಕಸಿಯಲೆಳಸಿದ ಚಲದಂಕಗಂಗನ ಯತ್ನವನ್ನು ಮುರಿದುದು ಇವಿಷ್ಟು ತಿಳಿದುಬರುತ್ತವೆ.

ಕಲ್ಲಿನಲ್ಲಿ ಲೋಪವಾದುದನ್ನು ತುಂಬಿಕೊಡುವುದು ಓಲೆ. 978ರಲ್ಲಿ ಚಾವುಂಡರಾಯನು ರಚಿಸಿದ ‘ತ್ರಿಷಷ್ಟಿಲಕ್ಷಣ ಮಹಾಪುರಾಣ’ದಲ್ಲಿ ಆತನ ಬಿರುದುಗಳು ಕಾರಣಸಹಿತವಾಗಿ ಹೇಳಲ್ಪಟ್ಟಿವೆ. ಖೇಡಗದ ಯುದ್ಧದಲ್ಲಿ ವಜ್ವಲದೇವನನ್ನು ಗೆದ್ದು ಸಮರಧುರಂಧರ, ನೊಳಂಬರೊಡನೆ ಗೋನೂರಿನ ಬಯಲಿನಲ್ಲಿ ಕಾದಿ ವೀರಮಾರ್ತಾಂಡ, ಉಚ್ಚಂಗಿಯ ಕೋಟೆಯಲ್ಲಿ ರಾಜಾದಿತ್ಯನೊಡನೆ ಹೋರಾಡಿ ರಣರಂಗಸಿಂಗ, ಬಾಗೆಯೂರ ಕೋಟೆಯಲ್ಲಿ ತ್ರಿಭುವನವೀರನನ್ನು ಕೊಂದು ವೈರಿಕುಲಕಾಲದಂಡ ಎಂಬ ಬಿರುದುಗಳನ್ನು ಆತನು ಪಡೆದನು. ಹುಡುಗಾಟಕ್ಕೂ ಸುಳ್ಳಾಡದ್ದರಿಂದ ಸತ್ಯಯುಧಿಷ್ಠಿರನೆನಿಸಿದನು.

ತನ್ನ ಗ್ರಂಥದಲ್ಲಿ ತನ್ನದೇ ಬಿರುದುಗಳನ್ನು ಹೇಳಿಕೊಂಡುದು ಪ್ರಮಾಣವೇ ಎಂದು ಆಕ್ಷೇಪಿಸಬಹುದು. ಇದಕ್ಕೆ ಮೂರನೆಯ ಆಧಾರವು ಸಮಾಧಾನವನ್ನೊದಗಿಸುತ್ತದೆ. ಚಂದ್ರಗಿರಿಯ ಕೂಗೆ ಬ್ರಹ್ಮದೇವರ ಕಂಬದಲ್ಲಿ, 974ರಲ್ಲಿ ಬಂಕಾಪುರದಲ್ಲಿ ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಸಲ್ಲೇಖನದಿಂದ ಮುಡಿಪಿದ ಮಾರಸಿಂಹನ ವಿಜಯಗಳು ವರ್ಣಿತವಾಗಿವೆ. ವಜ್ವಲನ ಸೋಲು, ಉಚ್ಚಂಗಿಯ ಯುದ್ಧ, ನೊಳಂಬರ ನಿಗ್ರಹ ಇವು ಅಲ್ಲಿಯೂ ಬಂದಿವೆ. ಅರಸನ ಶಾಸನದಲ್ಲಿ ಅರಸನ ಗೆಲವಾಗಿ ಕಾಣುವುದೇ ಪುರಾಣದಲ್ಲಿ ದಂಡನಾಯಕನ ದುಡಿಮೆಯಾಗಿ ಕಾಣುತ್ತದೆ. ಆದುದರಿಂದ ಬಿರುದಾವಳಿಯು ಕೇವಲ ಕವಿಸಮಯವಲ್ಲ.

ಸಮರಪರಶುರಾಮನೆಂಬ ಬಿರುದು ವಿಶೇಷ ವಿವೇಚನೆಯನ್ನು ಬೇಡುತ್ತದೆ. ತನ್ನ ಸೋದರ ನಾಗವರ್ಮನನ್ನು ಕೊಂದ ಮದುರಾಚಯನನ್ನು ಸಂಹರಿಸಿದುದರಿಂದ ಅದು ಬಂದಿತೆಂದು ಪುರಾಣವು ಹೇಳುತ್ತದೆ. ಈ ಮದುರಾಚಯನೇ ಚಲದಂಕಗಂಗ. ಪುರಾಣವೊಂದನ್ನೇ ನೋಡಿದರೆ ಇದು ಸೋದರವೈರದ ಸೇಡು. ಕಂಬದ ಪದ್ಯವನ್ನು ಜೊತೆಗಿಟ್ಟು ನೋಡಿದರೆ ರಾಜ್ಯರಕ್ಷಣೆಯ ಕರ್ತವ್ಯವೂ ಹೌದು. ಗೃಹಸ್ಥನು ಸಂಕಲ್ಪೀ ಹಿಂಸೆಯನ್ನು ಸರ್ವಥಾ ತ್ಯಜಿಸಬೇಕು. ವಿರೋಧೀ ಹಿಂಸೆಯು ಆತನಿಗೆ ಅಪರಿಹಾರ್ಯವಾಗಬಹುದು ಎಂಬ ವಿಭಾಗವನ್ನು ಬಲ್ಲ ಪಂಡಿತರಿಗೆ ಈ ಭೇದವು ಅಲ್ಪವಾದುದಲ್ಲ. ಶ್ರಾವಕರ ಮತ್ತು ಮುನಿಗಳ ಆಚಾರವನ್ನು ನಿರೂಪಿಸುವ ‘ಚಾರಿತ್ರಸಾರ’ವನ್ನು ಬರೆದ ದಂಡನಾಯಕನಿಗೂ ಅದು ಅಲ್ಪವಾಗಿದ್ದಿರಲಾರದು. ಆದರೂ ಸೋದರನ ಕೊಲೆಯ ಪ್ರಸಂಗವನ್ನು ಆತನು ಮುಚ್ಚಿಡಲಿಲ್ಲ. ಸತ್ಯಯುಧಿಷ್ಠಿರನೆಂಬ ಬಿರುದಿಗೆ ಇದೂ ಒಂದು ನಿದರ್ಶನವೆನ್ನಬಹುದು.

ಬಾಹುಬಲಿಯ ಪಾದದ ಬಳಿಯ ಕಿರುಶಾಸನಗಳಲ್ಲಿ ಈ ಬಿರುದುಗಳೊಂದೂ ಇಲ್ಲ. ಮಾಡಿಸಿದವನ ಹೆಸರಷ್ಟೇ ಇದೆ. ಯುದ್ಧದ ನೆನಪುಳಿದುದು ಅಜ್ಞಾತರಾದ ಲಿಪಿಕಾರರು ಪುರಾಣವನ್ನು ಮತ್ತೆ ಮತ್ತೆ ಪ್ರತಿಮಾಡಿದುದರಿಂದ. ಬಿರುದಾವಳಿಯು ಸ್ತುತಿಮಾತ್ರವೆಂದು ಭಾವಿಸಿ ಅದರ ಪಾಠಾಂತರಗಳನ್ನು ಉಪೇಕ್ಷಿಸುವುದು ಸಲ್ಲದು. ಅಲ್ಲಿನ ಒಂದೊಂದು ಊರಿನ, ಒಂದೊಂದು ಶತ್ರುವಿನ ಹೆಸರೂ ಕಂಬದ ಅಳಿದ ಮೂರು ಮುಖಗಳಿಗೆ ಬದಲಾಗಿ ನಮಗೆ ಉಳಿದಿರುವ ಸಾಕ್ಷಿ.