ಗಿಟಾರಿಗೆ ರಾಗ ಒಲಿದದ್ದು ಹೀಗೆ

ಗಿಟಾರಿನಲ್ಲಿ ರಾಗ ನುಡಿಸಲು ಮೊದಲ ತೊಡಕು ಮೀಂಡ್. ಬೆರಳಿಂದ ಎಳೆದಷ್ಟೂ ತಂತಿ ಬಿಗಿಯುತ್ತದೆ. ಮಿತಿ ಮೀರಿದರೆ ಪಟ್ಟೆಂದು ಹರಿಯುತ್ತದೆ.

ಜೋಧಪುರದಲ್ಲಿ 1937ರಲ್ಲಿ ಹುಟ್ಟಿ ನಮ್ಮ ಅಹಮದಾಬಾದಿನಲ್ಲಿ ನೆಲೆಸಿದ ಬ್ರಿಜ್‌ಭೂಷಣ್ ಕಾಬ್ರಾ ಹಿಡಿದದ್ದು ಹವಾಯಿಯ ದಾರಿ. ಗಿಟಾರನ್ನು ಮಲಗಿಸಿ, ತಂತಿಗಳನ್ನು ಎತ್ತರಿಸಿ, ಮೇಲೆ ಉಕ್ಕಿನ ಸರಳು ಜಾರಿಸುವುದು. ಇಲ್ಲಿ ತಂತಿಯನ್ನು ಎಳೆಯುವುದೇ ಇಲ್ಲ, ನುಡಿಯುವ ಉದ್ದವಷ್ಟೇ ಬದಲಾಗುತ್ತದೆ. ಸರಳಿನ ಭಾರಕ್ಕೆ ತಗ್ಗದಂಥ ದಪ್ಪ ತಂತಿ ಆರಿಸಿಕೊಂಡರಾಯಿತು. ನಮ್ಮ ಗೋಟುವಾದ್ಯದ ಉಪಾಯವೂ ಇದೇ ತಾನೆ?

ಗುರು ಅಲಿ ಅಕ್ಬರ್ ಖಾನರ ಸರೋದಿನಲ್ಲಿದ್ದಂತೆ ಚಿಕಾರಿಯನ್ನೂ ಕಾಬ್ರಾ ಗಿಟಾರಿಗೆ ಸೇರಿಸಿದರು. ಶಿವಕುಮಾರ್ ಶರ್ಮಾ, ಹರಿಪ್ರಸಾದ್ ಚೌರಾಸಿಯಾ ಜೊತೆಗಿನ 1967ರ 'ಕಾಲ್ ಆಫ್ ದ ವ್ಯಾಲಿ'ಯಲ್ಲಿ ಅದು ಕೇಳುತ್ತದೆ. ಕಾಬ್ರಾ 2018ರಲ್ಲಿ ತೀರಿಕೊಂಡರು.

ಹೊರಗಿನಿಂದ ಬಂದ ವಾದ್ಯ ತನ್ನ ದನಿ ಬಿಡದೆ ಇಲ್ಲಿಯದಾಯಿತು. ಊರು ಬಿಟ್ಟು ಬಂದ ನನಗೆ ಅದು ಬಲು ಹತ್ತಿರದ ಮಾತು. ನೀವೂ ಒಮ್ಮೆ ಕೇಳಿ ನೋಡಿ.